ಆಟದ ಕೋವಿ

ನವರಾತ್ರಿಯ ಒಂಬತ್ತನೆಯ ದಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ಆಯುಧಪೂಜೆ ನಡೆಯುತ್ತದೆ. ಆದರೆ ಅಲ್ಲಿ ಪೂಜೆಗೊಳ್ಳುವ ವಸ್ತುಗಳಲ್ಲಿ ಆಯುಧವೆಂಬ ಹೆಸರಿಗೆ ನೇರವಾಗಿ ತಕ್ಕುದು ಸಾಮಾನ್ಯವಾಗಿ ಒಂದೂ ಇರುವುದಿಲ್ಲ. ಈಳಿಗೆಮಣೆ, ಕತ್ತರಿ, ಲೇಖನಿ, ಹೊಲಿಗೆಯ ಯಂತ್ರ, ಬಾಗಿಲ ಮುಂದಿನ ಗಾಡಿ, ಇವುಗಳಿಗೆ ಅರಿಸಿನ ಕುಂಕುಮಗಳ ಬೊಟ್ಟು ಬೀಳುತ್ತದೆ. ಬೀದಿಯಲ್ಲಿ ಬೂದುಗುಂಬಳಕಾಯಿ ಒಡೆಯುತ್ತದೆ. ಕೊಲ್ಲುವ ಸಾಧನದ ಹೆಸರಿನಲ್ಲಿ ಬದುಕಿಸುವ ಸಾಧನಗಳಿಗೆ ನಮಸ್ಕಾರ ಸಲ್ಲುವ ಈ ಪದ್ಧತಿಯಲ್ಲಿ ಒಂದು ಸೌಜನ್ಯವುಂಟು. ಇಂಥ ಮನೆಯ ಯುವಕನೊಬ್ಬನಿಗೆ ಗುರಿಯ ಆಟದಲ್ಲಿ ಅಭಿರುಚಿ ಹುಟ್ಟಿ, ಅವನು ಜೋಡುನಳಿಗೆಯ ಕೋವಿಯೊಂದನ್ನು ಆರಿಸಿಕೊಳ್ಳಬೇಕೆಂದು ಹೊರಟನೆನ್ನೋಣ. ಆಗ ಹಿರಿಯರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಕೊಲ್ಲುವುದಕ್ಕಾಗಿ ಹುಟ್ಟಿದ ವಸ್ತುವನ್ನು ಆಟಕ್ಕೆ ತೆಗೆದುಕೊಳ್ಳುವುದು ಉಚಿತವೆ? ಉಚಿತವಾದರೆ ಅದನ್ನು ಯಾವ ಲಕ್ಷಣ ನೋಡಿ ಆರಿಸಬೇಕು? ಮೊದಲನೆಯದು ಧರ್ಮದ ಪ್ರಶ್ನೆ, ಎರಡನೆಯದು ಅಂಗಡಿಯ ಪ್ರಶ್ನೆ ಎಂದು ಮೇಲುನೋಟಕ್ಕೆ ತೋರುತ್ತದೆ. ಎರಡಕ್ಕೂ ಉತ್ತರ ಒಂದೇ ಕಡೆಯಲ್ಲಿದೆಯೆಂಬುದು ಸ್ವಲ್ಪ ವಿಚಾರಮಾಡಿದರೆ ತಿಳಿಯುತ್ತದೆ.

ಕೋವಿಯನ್ನು ಮನೆಯ ವಸ್ತುವಾಗಿಯೇ ಬಲ್ಲ ಜನ ಕನ್ನಡನಾಡಿನಲ್ಲಿ ಇದ್ದಾರೆ. ಕೊಡಗಿನಲ್ಲಿ ಗದ್ದೆಯ ನಾಟಿ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ, ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಅಂದು ಕೋವಿ ಕತ್ತಿಗಳನ್ನು ಶುಚಿಮಾಡಿ, ದೇವರ ಮುಂದಿರಿಸಿ, ತೋಕ್‌ಪೂ ಎಂಬ ಕೆಂಪು ಹಳದಿ ಬಣ್ಣದ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಪೂಜೆಯಾದ ಮೇಲೆ ಊರಿನವರೆಲ್ಲ ಬಯಲಿನಲ್ಲಿ ನೆರೆದು, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವನ್ನು ಆಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು, ಹುತ್ತರಿಯಲ್ಲಿ ಕದಿರು ತೆಗೆಯುವಾಗ ಮತ್ತೆ ಗುಂಡು. ಹೀಗೆ ಅಲ್ಲಿ ಕೋವಿಯ ಸದ್ದು ಊರಿಗೆ ಸುದ್ದಿ ಮುಟ್ಟಿಸುವ ಒಂದು ಭಾಷೆಯೂ ಆಗಿದೆ.

ದೂರದ ಅಮೆರಿಕಾದಲ್ಲಿಯೂ ಹಳೆಯ ಕೋವಿಗೆ ಹೊಸದೊಂದು ಆಟ ಹುಟ್ಟಿದೆ. ಕೌಬಾಯ್ ಎಂದರೆ ಆ ದೇಶದ ಪಶ್ಚಿಮದ ಬಯಲುಗಳಲ್ಲಿ ಕುದುರೆಯೇರಿ ದನ ಕಾಯುತ್ತಿದ್ದವನು. ಅವನ ಹೆಸರಿನ ಈ ಕೋವಿಯಾಟಕ್ಕೆ 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಂಘವೂ ಏರ್ಪಟ್ಟಿತು. ಆಟಗಾರರು 19ನೆಯ ಶತಮಾನದ ಉಡುಪು ತೊಟ್ಟು, ಒಂದೊಂದು ಕಲ್ಪಿತ ಹೆಸರನ್ನು ಧರಿಸಿ, ಆ ಕಾಲದ ಮಾದರಿಯ ರಿವಾಲ್ವರು, ರೈಫಲು, ಚರೆಕೋವಿಗಳಿಂದ ಉಕ್ಕಿನ ಫಲಕಗಳನ್ನು ಹೊಡೆಯುತ್ತಾರೆ. ಗಡಿಯಾರವು ಅವರ ಚುರುಕನ್ನು ಅಳೆಯುತ್ತದೆ. ಸುಮಾರು 1860ರಿಂದ 1899ರವರೆಗಿನ ಮಾದರಿಯ, ನಳಿಗೆಗಳು ಅಕ್ಕಪಕ್ಕದಲ್ಲಿ ಕೂಡಿಕೊಂಡಿರುವ ಜೋಡುನಳಿಗೆಯ ಕೋವಿ ಅಲ್ಲಿ ಅನೇಕರ ಆಯ್ಕೆ.

ಆಕ್ಷೇಪವು ಇಲ್ಲಿ ಏಳುತ್ತದೆ. ಆಯುಧದೊಡನೆ ಸಲಿಗೆ ಬೆಳೆದಂತೆಲ್ಲ ಹಿಂಸೆಯ ವಿಷಯದಲ್ಲಿರಬೇಕಾದ ಹೇಸಿಕೆ ಕರಗುವುದಿಲ್ಲವೆ? ಸಾವಿನ ಸಾಧನವನ್ನು ಹಿಡಿದು ನಗುವವನು ಸಾವನ್ನೇ ಹಗುರವಾಗಿ ಕಾಣತೊಡಗುವುದಿಲ್ಲವೆ? ಇದನ್ನು ಅಂಜುಬುರುಕರ ಮಾತೆಂದು ತಳ್ಳಿಹಾಕುವಂತಿಲ್ಲ. ಆದರೆ ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರು ಶಿಷ್ಯರ ಗುರಿಯನ್ನು ಪರೀಕ್ಷಿಸಿದ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಮರದ ತುದಿಯಲ್ಲಿ ಅವರು ಇರಿಸಿದ್ದು ಜೀವವುಳ್ಳ ಹಕ್ಕಿಯನ್ನಲ್ಲ. ಶಿಲ್ಪಿಗಳಿಂದ ಮಾಡಿಸಿದ ಕೃತಕ ಪಕ್ಷಿಯನ್ನು. ಯುದ್ಧಕ್ಕಾಗಿಯೇ ಶಿಷ್ಯರನ್ನು ಸಿದ್ಧಪಡಿಸುತ್ತಿದ್ದ ಗುರುವಿಗೂ ಗುರಿ ಕಲಿಸಲು ಒಂದು ಪ್ರಾಣವನ್ನು ತೆಗೆಯಬೇಕೆಂದು ತೋರಲಿಲ್ಲ. ಕೊಡಗಿನ ತೆಂಗಿನಕಾಯಿಯೂ ಅಮೆರಿಕಾದ ಉಕ್ಕಿನ ಫಲಕವೂ ಆ ಕೃತಕ ಪಕ್ಷಿಯ ವಂಶದವು.

ಹಾಗಾದರೆ ಆಟವನ್ನೂ ಕಾಳಗವನ್ನೂ ಬೇರ್ಪಡಿಸುವುದು ಯಾವುದು? ಗುರಿ ನಿರ್ಜೀವವಾಗಿರುವುದಷ್ಟೇ ಸಾಲದು. ಕಾಳಗದಲ್ಲಿ ಮನುಷ್ಯನು ಎದುರಾಳಿಗಿಂತ ಹೆಚ್ಚಿನ ಶಕ್ತಿಯನ್ನು ಬಯಸುತ್ತಾನೆ. ಆಟದಲ್ಲಿ ಎಲ್ಲರೂ ಒಪ್ಪಿದ ಮಿತಿಯೊಳಗೆ ತನ್ನ ಶಕ್ತಿಯನ್ನು ತಾನೇ ಇಳಿಸಿಕೊಳ್ಳುತ್ತಾನೆ. ಮಿತಿಯನ್ನು ತೆಗೆದುಹಾಕಿದರೆ ಆಟವೇ ಉಳಿಯದು. ಆದುದರಿಂದ ಆಟಕ್ಕೆ ಕೋವಿಯನ್ನು ಆರಿಸುವವನು ಮೊದಲು ಕೇಳಬೇಕಾದ ಮಾತು, ಇದು ಎಷ್ಟು ಬಲವಾಗಿ ಹೊಡೆಯುತ್ತದೆ ಎಂಬುದಲ್ಲ, ಇದು ಮಿತಿಗೆ ಎಷ್ಟು ಒಗ್ಗುತ್ತದೆ ಎಂಬುದು. ಅಂಗಡಿಯ ಪ್ರಶ್ನೆಗೆ ಧರ್ಮದ ಪ್ರಶ್ನೆ ಬಂದು ಕೂಡುವುದು ಇಲ್ಲಿಯೇ.

ಮೊದಲು ಅಳತೆಯ ವಿಚಾರ. ಚರೆಕೋವಿಯ ನಳಿಗೆಯನ್ನು ಅಳೆಯುವ ಕ್ರಮ ವಿಚಿತ್ರವಾದುದು. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡುಗಳನ್ನು ಎರೆದರೆ, ಅವುಗಳಲ್ಲೊಂದು ಹಿಡಿಸುವ ನಳಿಗೆಗೆ 12 ಬೋರೆಂದು ಹೆಸರು. ಅದರ ಅಗಲ ಸುಮಾರು 18.5 ಮಿಲಿಮೀಟರು. 20 ಗುಂಡುಗಳನ್ನು ಎರೆದರೆ 20 ಬೋರು. ಅದು ಸುಮಾರು 15.6 ಮಿಲಿಮೀಟರು. ಸಂಖ್ಯೆ ಏರಿದಂತೆ ನಳಿಗೆ ಕಿರಿದಾಗುತ್ತದೆ. ಹಗುರವಾದ ಮೈಯವರು 12 ಬೋರೇ ಗಂಡಸುತನದ ಗುರುತೆಂದು ಹಟಹಿಡಿದರೆ, ಒದೆತಕ್ಕೆ ಹೆದರಿ ಕಣ್ಣು ಮುಚ್ಚುವುದನ್ನು ಕಲಿಯುತ್ತಾರೆ, ಗುರಿಯನ್ನು ಕಲಿಯುವುದಿಲ್ಲ. ಭುಜಕ್ಕೆ ಆನಿಸುವ ಮರದ ಬುಡವು ತೋಳಿನ ಉದ್ದಕ್ಕೆ ಹೊಂದಬೇಕು. ಹತ್ತಿರದ ಫಲಕವನ್ನು ಉರುಳಿಸಲು ಭಾರಿ ಮದ್ದಿನ ತೋಟಾ ಬೇಡ, ಹಗುರವಾದುದೇ ಸಾಕು. ತನ್ನ ಮೈಯ ಅಳವನ್ನು ಒಪ್ಪಿಕೊಳ್ಳುವುದು ಮಿತಿಯ ಮೊದಲನೆಯ ಪಾಠ.

ಎರಡನೆಯದು ಹಳೆಯದರ ಮೋಹ. ಮುತ್ತಾತನ ಕಾಲದ ಕೋವಿಯೊಂದು ಕೈಗೆ ಬಂದರೆ ಅದನ್ನೇ ಆಟಕ್ಕೆ ಹಿಡಿಯುವುದು ಭಕ್ತಿಯೆಂದು ತೋರುತ್ತದೆ. ಆದರೆ ಕಬ್ಬಿಣ, ಉಕ್ಕುಗಳ ಪಟ್ಟಿಯನ್ನು ಹೆಣೆದು ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲದವು. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಸಿದ್ಧವಾದ ಮೇಲೆ ಬಂದ ತೋಟಾಗಳ ಒತ್ತಡವನ್ನು ಅವು ತಾಳುವುವೆಂಬ ಭರವಸೆಯಿಲ್ಲ. ಹಳೆಯ ಕೋವಿಗಳಲ್ಲಿ ಅನೇಕವು ಎರಡೂವರೆ ಅಂಗುಲದ ತೋಟಾಗೆ ಕೊರೆದವು; ಇಂದಿನ ಎರಡೂಮುಕ್ಕಾಲು ಅಂಗುಲದ ತೋಟಾವನ್ನು ಅದರೊಳಗೆ ತುರುಕಿದರೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಬಲ್ಲ ಕುಶಲಕರ್ಮಿಯಿಂದ ಪರೀಕ್ಷೆಯಾಗದ ಪುರಾತನ ಕೋವಿಗೆ ಗೋಡೆಯೇ ತಕ್ಕ ಸ್ಥಾನ. ಪೂರ್ವಿಕರ ವಸ್ತುವನ್ನು ಪರೀಕ್ಷಿಸುವುದು ಅಗೌರವವಲ್ಲ. ಪರೀಕ್ಷಿಸದೆ ನೆಚ್ಚಿ ಪಕ್ಕದವನ ಕಣ್ಣು ಕಳೆಯುವುದು ಅಗೌರವ.

ಮೂರನೆಯದು ವೇಗದ ಆಸೆ. ಕೆಲವು ಜೋಡುನಳಿಗೆಗಳಲ್ಲಿ ಮುರಿದು ತೆರೆದೊಡನೆ ಸುಟ್ಟ ತೋಟಾ ತಾನಾಗಿ ಹೊರಕ್ಕೆ ಚಿಮ್ಮುತ್ತದೆ. ಮತ್ತೆ ಕೆಲವುಗಳಲ್ಲಿ ಅದು ಸ್ವಲ್ಪ ಮೇಲೇಳುತ್ತದೆಯಷ್ಟೆ, ಕೈಯಿಂದ ತೆಗೆಯಬೇಕು. ಚಿಮ್ಮುವ ಏರ್ಪಾಟಿಗೆ ಬೆಲೆಯೂ ಹೆಚ್ಚು, ವೇಗವೂ ಹೆಚ್ಚು. ಆದರೂ ಆ ಅಮೆರಿಕಾದ ಆಟದ ನಿಯಮವು ಅದನ್ನು ನಿಷೇಧಿಸಿ, ಕೈಯಿಂದ ತೆಗೆಯುವುದನ್ನೇ ವಿಧಿಸುತ್ತದೆ. ಒಮ್ಮೆಗೆ ಎರಡಕ್ಕಿಂತ ಹೆಚ್ಚು ತೋಟಾ ತುಂಬುವಂತಿಲ್ಲ. ಗಡಿಯಾರದೊಡನೆ ಓಡುವ ಆಟವೇ ವೇಗದ ಸಾಧನವನ್ನು ಬೇಡವೆಂದುದು ವಿಚಾರಯೋಗ್ಯವಾದ ಸಂಗತಿ. ಯಂತ್ರದ ಚುರುಕು ಯಂತ್ರದ್ದೇ. ಬೆರಳಿನ ಚುರುಕು ಅಭ್ಯಾಸಮಾಡಿದವನದು.

ಇವೆಲ್ಲಕ್ಕಿಂತ ಹಿರಿದಾದ ಲಕ್ಷಣವೊಂದುಂಟು. ಮುರಿದು ತೆರೆಯುವ ಕೋವಿಯು ತನ್ನ ಒಳಗನ್ನು ಅಡಗಿಸುವುದಿಲ್ಲ. ತೆರೆದು ತೋಳಿನ ಮೇಲೆ ಹಾಕಿಕೊಂಡು ಬರುವವನ ನಳಿಗೆಗಳು ಬರಿದಾಗಿವೆಯೆಂಬುದನ್ನು ಹತ್ತಿರ ನಿಂತವರೂ ಕಾಣಬಲ್ಲರು. ಬಾಯಿಮಾತಿನ ಆಶ್ವಾಸನೆಯ ಮೇಲೆ ನಿಲ್ಲಬೇಕಾದ ನಂಬಿಕೆ ಇಲ್ಲಿ ಕಣ್ಣೆದುರಿನ ಸಾಕ್ಷ್ಯದ ಮೇಲೆ ನಿಲ್ಲುತ್ತದೆ. ಸೌಪ್ತಿಕಪರ್ವದಲ್ಲಿ ಅರ್ಜುನನೂ ಅಶ್ವತ್ಥಾಮನೂ ಬ್ರಹ್ಮಶಿರೋಸ್ತ್ರವನ್ನು ಬಿಟ್ಟರು. ಅರ್ಜುನನು ಹಿಂದಕ್ಕೆ ಪಡೆದನು, ಅಶ್ವತ್ಥಾಮನಿಂದ ಆಗಲಿಲ್ಲ. ಬಿಡುವ ವಿದ್ಯೆ ಇಬ್ಬರಲ್ಲಿಯೂ ಇದ್ದಿತು. ತಡೆಯುವ ವಿದ್ಯೆ ಒಬ್ಬನಲ್ಲಿ ಮಾತ್ರ. ಹಾರಿದ ಚರೆಯನ್ನು ಹಿಂದಕ್ಕೆ ಕರೆಯುವ ಮಂತ್ರ ಇಂದಿನವರಿಗಿಲ್ಲ. ಆದಕಾರಣ ತಡೆಯುವ ವಿದ್ಯೆಯೆಲ್ಲವೂ ಹಾರುವುದಕ್ಕೆ ಮುಂಚೆಯೇ ನಡೆಯಬೇಕು. ಕೋವಿಯನ್ನು ತೆರೆದು ಬರಿದುಮಾಡಿ ತೋರಿಸುವುದು ಆ ವಿದ್ಯೆಯ ಮೊದಲಕ್ಷರ.

ಆಟಗಾರನು ಮರೆಯಬಾರದ ಇನ್ನೊಂದು ಸಂಗತಿ ಚರಿತ್ರೆ. ಕೌಬಾಯಿಯ ಕಾಲವೆಂದರೆ ಅಮೆರಿಕಾದ ಮೂಲನಿವಾಸಿಗಳು ತಮ್ಮ ನೆಲವನ್ನು ಕಳೆದುಕೊಂಡ ಕಾಲವೂ ಹೌದು. ಕೊಡಗಿನವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ದೊರೆತದ್ದು 1861ರಲ್ಲಿ. 1857ರ ಬಂಡಾಯವಾದ ಮೇಲೆ ದೇಶದ ಉಳಿದ ಜನರನ್ನು ನಿಶ್ಶಸ್ತ್ರರನ್ನಾಗಿ ಮಾಡುತ್ತಿದ್ದ ಬ್ರಿಟಿಷ್ ಆಳ್ವಿಕೆಯಿಂದ. ಸ್ವತಂತ್ರ ಭಾರತವು 1959ರ ಆಯುಧ ಕಾನೂನಿನಡಿ ಆ ವಿನಾಯಿತಿಯನ್ನು ಉಳಿಸಿಕೊಂಡು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಪರಕೀಯರ ಉಡುಗೊರೆಯಾಗಿ ಬಂದುದನ್ನು ಹೂ ಮುಡಿಸಿ, ಬೆಳೆ ಹುಟ್ಟು ಸಾವುಗಳಿಗೆ ಬೆಸೆದು ತಮ್ಮದಾಗಿಸಿಕೊಂಡ ಹಿರಿಮೆ ಆ ಜನರದು. ವೇಷ ತೊಟ್ಟು ಆಡುವವನಿಗೆ ಆ ವೇಷದ ಹಿಂದಿನ ಕಣ್ಣೀರೂ ತಿಳಿದಿರಬೇಕು. ತಿಳಿದವನ ಆಟದಲ್ಲಿ ಜಂಬ ಇಳಿಯುತ್ತದೆ.

ಬೆಂಗಳೂರಿನ ಗೃಹಸ್ಥನಿಗೆ ಇಂಥ ವಿನಾಯಿತಿ ಸಾಮಾನ್ಯವಾಗಿ ಇಲ್ಲ. ಅವನು ಪೊಲೀಸ್ ಕಮಿಷನರರ ಪರವಾನಗಿಯನ್ನು ಬೇಡಬೇಕು. ಪರವಾನಗಿ ದೊರೆತ ಮಾತ್ರಕ್ಕೆ ಅರ್ಹತೆ ದೊರೆತಂತಾಗಲಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ಕೋಪಕ್ಕೂ ದುಃಖಕ್ಕೂ ಒಳಗಾಗುವ ದೊಡ್ಡವರಿದ್ದಾರೆ. ಕೋವಿಯನ್ನು ಒಂದು ಬೀಗದಲ್ಲಿಯೂ ತೋಟಾವನ್ನು ಇನ್ನೊಂದು ಬೀಗದಲ್ಲಿಯೂ ಇಡುವ ಶ್ರದ್ಧೆ ವರ್ಷದ ಎಲ್ಲ ದಿನವೂ ತನ್ನಲ್ಲಿ ಇರುವುದೇ ಎಂದು ಅವನು ಕೇಳಿಕೊಳ್ಳಬೇಕು. ಇಲ್ಲವೆಂದು ಕಂಡರೆ ಶಿಕ್ಷಕರ ಕಣ್ಣೆದುರಿನಲ್ಲಿ, ಗುರಿಯ ಮೈದಾನದಲ್ಲಿಯೇ ಆಡಿ, ಬರಿಗೈಯಲ್ಲಿ ಮನೆಗೆ ಬರುವುದೂ ಒಂದು ಆಯ್ಕೆಯೇ. ಕೀಳಾದ ಆಯ್ಕೆಯೇನೂ ಅಲ್ಲ.

ಹೀಗೆ ನೋಡಿದರೆ ಕೋವಿಯ ಲಕ್ಷಣಗಳೆಂದು ಎಣಿಸಿದವು ಒಂದೊಂದೂ ಅದನ್ನು ಹಿಡಿಯುವವನಲ್ಲಿಯೇ ಇರಬೇಕಾದ ಗುಣಗಳು: ಮೈಯ ಅಳವನ್ನು ಬಲ್ಲುದು, ಹಳೆಯದನ್ನು ಪರೀಕ್ಷಿಸಿ ಗೌರವಿಸುವುದು, ಎರಡರಲ್ಲಿ ತೃಪ್ತಿಪಡುವುದು, ಒಳಗನ್ನು ತೆರೆದು ತೋರುವುದು. ಈ ಗುಣಗಳಿದ್ದವನ ಕೈಯಲ್ಲಿ ಆಯುಧವು ಆಟದ ವಸ್ತುವಾಗಬಲ್ಲುದು. ಅವನು ಕೋವಿಯೊಡನೆ ಮೈದಾನಕ್ಕೆ ಬಂದಾಗ ಪಕ್ಕದಲ್ಲಿ ನಿಂತವನು ಹೆಜ್ಜೆ ಹಿಂದೆ ಸರಿಯದೆ ಇದ್ದರೆ, ಆಯ್ಕೆ ಸರಿಯಾಗಿದೆಯೆಂದು ತಿಳಿಯಬಹುದು.