ಮೋಹದ ಹೊಣೆ ಯಾರದು?

ಮೋಹವು ನೋಡಲ್ಪಡುವ ರೂಪದಲ್ಲಿರುವುದೋ, ನೋಡುವ ಮನಸ್ಸಿನಲ್ಲಿರುವುದೋ ಎಂಬ ಪ್ರಶ್ನೆಯು ಬಹು ಪ್ರಾಚೀನವಾದುದು. ರೂಪವೇ ಮೋಹದ ಮೂಲವೆಂದು ಹೇಳುವುದು ಸುಲಭ. ಹಾಗೆ ಹೇಳಿದೊಡನೆ ನೋಡಿದವನ ಹೊಣೆ ಇಳಿದುಹೋಗುತ್ತದೆ. ಈ ವಿಷಯವನ್ನು ವಿಚಾರಿಸಲು ಜಪಾನ್ ದೇಶದ ಒಂದು ಚಲಚ್ಚಿತ್ರವನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಬಹುದು.

ಬರೆದ ಚಿತ್ರಗಳಿಗೆ ಚಲನೆಯನ್ನು ಕೊಡುವ ಆನಿಮೇಷನ್ ಕಲೆಯು ಮಕ್ಕಳ ವಿನೋದಕ್ಕೆ ಮಾತ್ರ ಎಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಒಸಾಮು ತೆಜುಕಾ ಅವರು ಸ್ಥಾಪಿಸಿದ ಮುಶಿ ಪ್ರೊಡಕ್ಷನ್ ಸಂಸ್ಥೆಯು 1963ರಲ್ಲಿ 'ಆಸ್ಟ್ರೋ ಬಾಯ್' ಎಂಬ ಯಂತ್ರಬಾಲಕನ ಕಥೆಯಿಂದ ಮಕ್ಕಳ ಮನಸ್ಸನ್ನು ಗೆದ್ದುದು ನಿಜ. ಆದರೆ ಅದೇ ಸಂಸ್ಥೆಯು ವಯಸ್ಕರಿಗೆಂದೇ ಶೃಂಗಾರಪ್ರಧಾನವಾದ ಮೂರು ಚಿತ್ರಗಳನ್ನು ನಿರ್ಮಿಸಿತು. 1969ರಲ್ಲಿ ಸಾವಿರದೊಂದು ರಾತ್ರಿಗಳ ಕಥೆ, 1970ರಲ್ಲಿ ಕ್ಲಿಯೋಪಾತ್ರಳ ಕಥೆ, 1973ರಲ್ಲಿ 'ದುಃಖದ ಬೆಲಡೋನ'. ಈ ಕೊನೆಯದನ್ನು ನಿರ್ದೇಶಿಸಿದವರು ಎಯಿಚಿ ಯಮಮೊಟೊ. ಫ್ರಾನ್ಸಿನ ಇತಿಹಾಸಕಾರ ಜೂಲ್ ಮಿಶ್ಲೆ 1862ರಲ್ಲಿ ಮಾಟಗಾತಿಯರನ್ನು ಕುರಿತು ಬರೆದ ಗ್ರಂಥವೇ ಇದಕ್ಕೆ ಆಧಾರ.

ಕಥೆ ನಡೆಯುವುದು ಮಧ್ಯಯುಗದ ಫ್ರಾನ್ಸ್ ದೇಶದ ಒಂದು ಹಳ್ಳಿಯಲ್ಲಿ. ಝಾನ್ ಎಂಬ ಬಡ ಹೆಣ್ಣು ಮದುವೆಯ ದಿನ ಪತಿಯೊಡನೆ ಊರಿನ ಒಡೆಯನ ಬಳಿಗೆ ಹೋಗುತ್ತಾಳೆ. ಅವನು ಕೇಳಿದ ಹಣವನ್ನು ತೆರಲು ಅವರಿಗೆ ಶಕ್ತಿಯಿಲ್ಲ. ಒಡೆಯನೂ ಅವನ ಪರಿವಾರದವರೂ ಆ ವಧುವಿನ ಮೇಲೆ ಬಲಾತ್ಕಾರ ನಡೆಸುತ್ತಾರೆ. ನೊಂದವಳೆದುರು ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಪಿಶಾಚಿಯೊಂದು ಕಾಣಿಸಿಕೊಂಡು, ಶಕ್ತಿಯನ್ನು ಕೊಡುವೆನೆಂದು ಆಸೆ ತೋರಿಸಿ, ಅವಳ ಸಂಕಟದೊಡನೆ ಬೆಳೆಯುತ್ತದೆ. ಅವಳ ಏಳಿಗೆಯನ್ನು ಸಹಿಸದೆ ಒಡೆಯನ ಮಡದಿಯು ಮಾಟಗಾತಿಯೆಂಬ ಅಪವಾದವನ್ನು ಹೊರಿಸಿದಾಗ ಊರವರು ಅಟ್ಟಿಸಿಕೊಂಡು ಬರುತ್ತಾರೆ. ಕೈಹಿಡಿದ ಪತಿಯೂ ಬಾಗಿಲು ತೆರೆಯುವುದಿಲ್ಲ. ಬೇರೆ ಗತಿಯಿಲ್ಲದೆ ಅವಳು ಪಿಶಾಚಿಗೆ ಒಲಿದು, ಜನರನ್ನು ಮರುಳುಗೊಳಿಸುವ ಶಕ್ತಿಯನ್ನು ಪಡೆಯುತ್ತಾಳೆ. ಮಹಾಮಾರಿ ಬಂದಾಗ ಅದೇ ಜನರಿಗೆ ಮದ್ದು ಕೊಟ್ಟು ಬದುಕಿಸುವವಳೂ ಅವಳೇ. ಕೊನೆಗೆ ಒಡೆಯನು ತೋರಿಸಿದ ಪದವಿಯ ಆಮಿಷಕ್ಕೆ ಮಣಿಯದಿರಲು, ಅವಳನ್ನು ಜೀವಂತವಾಗಿ ಸುಡಲಾಗುತ್ತದೆ.

ಇಲ್ಲಿ ಮೋಹಿನಿ ಯಾರು? ತಾನಾಗಿ ಯಾರನ್ನೂ ಸೆಳೆಯದ ದಿನವೇ ಅವಳ ಮಾನವು ಹೋಯಿತು. ಕಾಮವು ಒಡೆಯನದು, ಅಸೂಯೆ ಒಡತಿಯದು, ಹೇಡಿತನ ಪತಿಯದು; 'ಮಾಟಗಾತಿ' ಎಂಬ ಹೆಸರು ಮಾತ್ರ ಅವಳದು! ತಮ್ಮ ಮನಸ್ಸಿನ ಕೊಳೆಯನ್ನು ಅನ್ಯರ ಮುಖಕ್ಕೆ ಬಳಿದು, ಆ ಮುಖವೇ ಕೊಳಕೆಂದು ದೂರುವುದು ಮನುಷ್ಯನ ಹಳೆಯ ಚಾಳಿ.

ಬೆಲಡೋನ ಎಂಬುದು ಒಂದು ವಿಷದ ಗಿಡ. ಇಟಲಿಯ ಭಾಷೆಯಲ್ಲಿ ಆ ಹೆಸರಿಗೆ 'ಸುಂದರಿ' ಎಂದರ್ಥ. ಹಿಂದೆ ಆ ದೇಶದ ಸ್ತ್ರೀಯರು ಕಣ್ಣು ಚೆಲುವಾಗಿ ಕಾಣಲೆಂದು ಅದರ ರಸವನ್ನು ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದರೆಂದು ಹೇಳುವರು. ಅದರಲ್ಲಿರುವ ಅಟ್ರೊಪಿನ್ ಕಣ್ಣಿನ ಪಾಪೆಯನ್ನು ಹಿಗ್ಗಿಸುತ್ತದೆ; ಆದರೆ ಹತ್ತಿರದ ವಸ್ತುವನ್ನು ಮಸುಕಾಗಿಸುತ್ತದೆ. ಮೋಹದ ಸ್ವಭಾವವೂ ಇದೇ ಅಲ್ಲವೇ? ಕಣ್ಣು ಅಗಲವಾಗುತ್ತದೆ, ಎದುರಿಗಿರುವ ಮನುಷ್ಯನು ಮಾತ್ರ ಕಾಣುವುದಿಲ್ಲ. ಅದೇ ಅಟ್ರೊಪಿನ್ ವೈದ್ಯರ ಕೈಯಲ್ಲಿ ಔಷಧವಾಗಿದೆ. ಆದುದರಿಂದ ದೋಷವು ಗಿಡದ್ದಲ್ಲ, ಬಳಸುವ ಕೈಯದು.

ಇಷ್ಟಾದರೂ ಒಂದು ಮಾತನ್ನು ಮರೆಮಾಚಲಾಗದು. ಈ ಚಿತ್ರವು ಅವಳ ಯಾತನೆಯನ್ನು ಅತಿ ಮನೋಹರವಾದ ವರ್ಣಚಿತ್ರಗಳಲ್ಲಿ ತೋರಿಸುತ್ತದೆ. ಒಡೆಯನನ್ನು ಖಂಡಿಸುತ್ತಲೇ ಪ್ರೇಕ್ಷಕನನ್ನು ಒಡೆಯನ ಪೀಠದಲ್ಲಿ ಕೂಡಿಸುವ ಅಪಾಯ ಅದರಲ್ಲಿದೆ. ಅದು ಅಂದು ಹಣ ಗಳಿಸಲಿಲ್ಲ. ಅದೇ ವರ್ಷ ಸಂಸ್ಥೆಯು ದಿವಾಳಿಯಾಯಿತು. ಜೀರ್ಣೋದ್ಧಾರಗೊಂಡ ಮೇಲೆ 2016ರಲ್ಲಿ ಅಮೆರಿಕದಲ್ಲಿ ತೆರೆಕಂಡಿತು. ಅಂತ್ಯದಲ್ಲಿ, ಅವಳು ಸುಡುವುದನ್ನು ನೋಡುತ್ತಿರುವ ಸ್ತ್ರೀಯರ ಮುಖಗಳೆಲ್ಲವೂ ಒಂದೊಂದಾಗಿ ಅವಳ ಮುಖವೇ ಆಗುತ್ತವೆ. ನೋಡುವವನ ಕಣ್ಣು ಸುಂದರಿಯನ್ನು ಬಿಟ್ಟು ನೊಂದವಳನ್ನು ಕಾಣಬೇಕಾದ ಗಳಿಗೆಯದು.

ಇಂದು ಇಂತಹ ಚಿತ್ರಗಳು ಅಂಗೈಯ ಯಂತ್ರದಲ್ಲಿಯೇ ದೊರೆಯುತ್ತವೆ. ಎಳೆಯರ ಕಣ್ಣಿಗೆ ಬೀಳದಂತೆ ಕಾಯುವುದು ಗೃಹಸ್ಥನ ಕರ್ತವ್ಯ. ಆದರೆ ಪರದೆಯನ್ನು ದೂರಿ ಸುಮ್ಮನಾದರೆ ಸಾಲದು. ಏಕಾಂತದಲ್ಲಿ ನೋಡುವಾಗ ತನ್ನ ಕಣ್ಣು ಯಾರ ಕಣ್ಣಾಗಿದೆ, ಒಡೆಯನದೋ ವೈದ್ಯನದೋ, ಎಂದು ಪ್ರತಿಯೊಬ್ಬನೂ ತನ್ನನ್ನೇ ಕೇಳಿಕೊಳ್ಳಲಿ. ಆ ಉತ್ತರಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.