ಹಾಸ್ಯಕ್ಕೆ ಎಲ್ಲೆಯುಂಟೆ?

ನಗುವುದು ಮನುಷ್ಯನ ಸಹಜಧರ್ಮವು; ಯಾರನ್ನು ಕುರಿತು, ಏತಕ್ಕಾಗಿ ನಗಬೇಕೆಂಬುದು ವಿವೇಕಕ್ಕೆ ಸೇರಿದ ವಿಷಯವು. ದೇವರು, ಮತ, ಜಾತಿ, ಮರಣ ಮೊದಲಾದ ಸೂಕ್ಷ್ಮ ವಿಷಯಗಳಲ್ಲಿ ಹಾಸ್ಯಗಾರನಿಗೆ ಸ್ವಾತಂತ್ರ್ಯವಿರಬೇಕೇ ಎಂಬ ಪ್ರಶ್ನೆಯು ನಮ್ಮ ನಾಡಿನಲ್ಲಿಯೇ ಎದ್ದಿದೆ. 2021ನೆಯ ನವೆಂಬರ 28ರಂದು ಬೆಂಗಳೂರಿನಲ್ಲಿ ಜರುಗಬೇಕಿದ್ದ ಮುನಾವರ್ ಫಾರೂಕಿಯವರ ಹಾಸ್ಯಪ್ರದರ್ಶನವು, ಶಾಂತಿಭಂಗವಾದೀತೆಂಬ ಪೋಲೀಸರ ಆಕ್ಷೇಪಣೆಯಿಂದ ನಿಂತುಹೋಯಿತು. 2022ನೆಯ ನವೆಂಬರ 10ರಂದು ಅಲ್ಲಿಯ ಚೌಡಯ್ಯ ಸ್ಮಾರಕ ಭವನದಲ್ಲಿ ನಡೆಯಬೇಕಿದ್ದ ವೀರ್ ದಾಸರ ಪ್ರದರ್ಶನವೂ ದೂರು-ಪ್ರತಿಭಟನೆಗಳ ನಡುವೆ ರದ್ದಾಯಿತು. ಶ್ರದ್ಧೆಗೆ ನೋವಾಯಿತೆಂದು ಒಂದು ಪಕ್ಷವು ಹೇಳಿದರೆ, ಮಾತಿಗೆ ಬೀಗ ಬಿದ್ದಿತೆಂದು ಮತ್ತೊಂದು ಪಕ್ಷವು ಹೇಳಿತು.

ಶರಣಧರ್ಮದಲ್ಲಿ ಹಾಸ್ಯವು ತುಚ್ಛವಾದುದಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ನಗೆಯ ಮಾರಿತಂದೆಯೆಂಬವರಿದ್ದರು. ನಗಿಸುವುದೇ ಅವರ ಕಾಯಕವಾಗಿತ್ತೆಂದು ಪ್ರತೀತಿ. ಬಹುರೂಪಿ ಚೌಡಯ್ಯನವರು ವೇಷ ಕಟ್ಟಿ ಕುಣಿಯುವ ಕಾಯಕದವರು. ಇವರ ವೃತ್ತಿಯು ಹೀನವೆಂದು ಶರಣರು ಇವರನ್ನು ದೂರವಿಡಲಿಲ್ಲ. ಸತ್ಯಶುದ್ಧವಾದರೆ ನಗೆಯೂ ಕಾಯಕವೇ ಎಂಬುದು ಇದರ ತಾತ್ಪರ್ಯವು.

ಈ ಸೀಮೆಯ ಮಣ್ಣಿನ ಗುಣವೂ ಅಂಥದ್ದೇ. ಹಿರೇಕೆರೂರ ಸೀಮೆಯ ಅಬಲೂರಿನವನೆಂದು ಜನರು ನಂಬಿರುವ ಸರ್ವಜ್ಞನು ಕಪಟಗುರುಗಳನ್ನೂ ಕುಲದ ಹಮ್ಮನ್ನೂ ಮೂರು ಸಾಲುಗಳಲ್ಲಿ ಅಣಕಿಸಿದನು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಮೇಲುಕೀಳಿನ ಅಹಂಕಾರವನ್ನು ನಗೆಗೀಡುಮಾಡಿದರು. ಅದೇ ತಾಲೂಕಿನ ಶಿಶುನಾಳದ ಶರೀಫರು (1819-1889) ಮುಸಲ್ಮಾನರಾಗಿ ಹುಟ್ಟಿ, ಬ್ರಾಹ್ಮಣರಾದ ಗೋವಿಂದಭಟ್ಟರ ಶಿಷ್ಯರಾಗಿ, ಎರಡೂ ಕಡೆಯ ಡಂಭಾಚಾರವನ್ನು ಕುರಿತು ನಕ್ಕರು. ಮನಸ್ಸು ನೊಂದಿತೆಂಬ ದೂರೊಂದರಿಂದಲೇ ಮಾತು ನಿಲ್ಲಬೇಕೆಂಬ ನಿಯಮವಿದ್ದಿದ್ದರೆ, ಮೊದಲು ಮೌನಿಗಳಾಗಬೇಕಾದವರು ಇವರೇ.

ಆದರೆ ಪೂರ್ವಪಕ್ಷವನ್ನು ಹಗುರಾಗಿ ತಳ್ಳಲಾಗದು. ಎಲ್ಲ ನಗೆಯೂ ಒಂದೇ ತೆರನಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಆರು ವಿಧವಾಗಿ ವಿಂಗಡಿಸಿ, ಸ್ಮಿತ-ಹಸಿತಗಳನ್ನು ಉತ್ತಮರಿಗೂ, ಅಪಹಸಿತ-ಅತಿಹಸಿತಗಳನ್ನು ಅಧಮರಿಗೂ ಹೇಳಿದ್ದಾನೆ. ಅದು ನಗುವ ರೀತಿಯ ವಿಂಗಡಣೆಯು; ನಗೆಯ ಗುರಿಗೂ ಅಂಥ ತಾರತಮ್ಯವುಂಟು. ಪದವಿಯಲ್ಲಿ ಬೀಗುವವನ ಠಕ್ಕನ್ನು ಬಯಲು ಮಾಡುವ ನಗೆಯೇ ಬೇರೆ. ಮಗುವನ್ನು ಕಳೆದುಕೊಂಡ ತಾಯಿಯನ್ನೋ, ಸಾಲದಲ್ಲಿ ಸತ್ತ ರೈತನ ಮನೆಯನ್ನೋ, ಕುಂಟನ ನಡಿಗೆಯನ್ನೋ ಆಡಿಕೊಳ್ಳುವ ನಗೆಯೇ ಬೇರೆ. ಮೊದಲನೆಯದು ಗರ್ವಕ್ಕೆ ಮದ್ದು. ಎರಡನೆಯದು ಹುಣ್ಣಿಗೆ ಉಪ್ಪು. ದಯೆಯಿಲ್ಲದಲ್ಲಿ ಧರ್ಮವಿಲ್ಲವೆಂದು ಬಲ್ಲವನು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರನು.

ಹಾಗಾದರೆ ಎರಡನೆಯದನ್ನು ಸರಕಾರವು ತಡೆಯಬೇಕೇ? ಇಲ್ಲಿ ಕಾನೂನು ಬೇರೆ, ಸದಾಚಾರ ಬೇರೆ. ಸಂವಿಧಾನದ 19ನೆಯ ಅನುಚ್ಛೇದವು ವಾಕ್‌ಸ್ವಾತಂತ್ರ್ಯವನ್ನು ಕೊಟ್ಟು, ಸಾರ್ವಜನಿಕ ಸುವ್ಯವಸ್ಥೆಯೇ ಮೊದಲಾದ ಕಾರಣಗಳಿಗೆ ಯುಕ್ತವಾದ ನಿರ್ಬಂಧವನ್ನೂ ಹೇಳಿದೆ. ಆದರೆ ಪ್ರತಿಭಟನೆಯ ಬೆದರಿಕೆಗೆ ಮಣಿದು ಮಾತನ್ನು ಅಡಗಿಸಬಾರದೆಂದೂ, ಅದನ್ನು ರಕ್ಷಿಸುವುದೇ ಸರಕಾರದ ಕರ್ತವ್ಯವೆಂದೂ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ರಂಗರಾಜನ್ ಎಂಬವರ ಚಲನಚಿತ್ರದ ಮೊಕದ್ದಮೆಯಲ್ಲಿ ಹೇಳಿತು. ಇದು ನ್ಯಾಯವೇ. ಗುಂಪು ದೊಡ್ಡದಾದಷ್ಟೂ ಅದರ ನೋವು ದೊಡ್ಡದೆಂದು ಎಣಿಸಿದರೆ, ಬಲಿಷ್ಠರ ಡಂಭಕ್ಕೆ ರಕ್ಷಣೆ ದೊರೆಯುವುದು; ಒಂಟಿಯಾದ ತಾಯಿಯ ಕಣ್ಣೀರಿಗೆ ದೊರೆಯದು. ಆದುದರಿಂದ ಹಿಂಸೆಗೆ ಪ್ರಚೋದಿಸುವ ಮಾತನ್ನು ಕಾನೂನು ನೋಡಿಕೊಳ್ಳಲಿ. ಕ್ರೂರವಾದ ಹಾಸ್ಯವನ್ನು ಹಾಸ್ಯಗಾರನ ಅಂತಃಕರಣವೂ ಕೇಳುಗರ ವಿವೇಕವೂ ತಡೆಯಲಿ. ನಗದೆ ಎದ್ದುಹೋಗುವ ಸಭೆಗಿಂತ ಕಠಿಣವಾದ ಶಿಕ್ಷೆಯು ಹಾಸ್ಯಗಾರನಿಗೆ ಯಾವುದಿದೆ?

ಇನ್ನು ಭಕ್ತನ ಕರ್ತವ್ಯವೇನು? ಪರಧರ್ಮದ ಡಂಭವನ್ನು ಶರೀಫರು ಹಳಿದಾಗ ನಕ್ಕು, ನಮ್ಮ ಮಠಮಾನ್ಯಗಳ ಕುಂದನ್ನು ಎತ್ತಿದಾಗ ಕೆರಳುವವನು ನಗೆಯ ಅರ್ಧವನ್ನು ಮಾತ್ರ ಕಲಿತವನು. ಟೀಕೆಯು ನಿಜವಾದರೆ ತಿದ್ದಿಕೊಳ್ಳಬೇಕು; ಸುಳ್ಳಾದರೆ ಮಾತಿನಿಂದಲೇ ಉತ್ತರಿಸಬೇಕು. ಕರಸ್ಥಲದ ಇಷ್ಟಲಿಂಗವು ಯಾವನೋ ಒಬ್ಬನ ಚೇಷ್ಟೆಯಿಂದ ಮೈಲಿಗೆಯಾಗತಕ್ಕದ್ದಲ್ಲ. ಪಂಚಸೂತಕಗಳನ್ನೇ ಅಲ್ಲಗಳೆದ ಧರ್ಮಕ್ಕೆ ನಗೆಯ ಸೂತಕವೆಲ್ಲಿಯದು? ನಿಂದೆಯನ್ನು ಕೇಳಿ ಕೈಯೆತ್ತಿದವನು ಕಾಯುವುದು ಲಿಂಗವನ್ನಲ್ಲ, ತನ್ನ ಅಹಂಕಾರವನ್ನು. ಆ ಅಹಂಕಾರವನ್ನು ನಕ್ಕು ಕಳೆಯುವ ಬಲವು ಸದ್ಭಕ್ತರೆಲ್ಲರಿಗೂ ಲಭಿಸಲಿ.