ಭಾರವನ್ನಿಳಿಸುವುದೂ ಭಾರವನ್ನು ದಾಟಿಸುವುದೂ

ಕನ್ನಡದಲ್ಲಿ ‘ಭಾರ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ತಕ್ಕಡಿಯಲ್ಲಿ ತೂಗುವ ತೂಕವೊಂದು. ಮನುಷ್ಯನು ಹೊರುವ ಹೊಣೆಯೊಂದು. ‘ಹಗುರ’ವೆಂಬುದೂ ಹಾಗೆಯೇ. ಹೊರೆ ಹಗುರವಾದರೆ ಸಂತೋಷ; ಮಾತು ಹಗುರವಾದರೆ ಅವಮಾನ. ತೂಕವನ್ನು ಕಡಿಮೆಮಾಡಿದವನು ಅದರೊಡನೆ ಹೊಣೆಯನ್ನೂ ಕಡಿಮೆಮಾಡಿಕೊಂಡನೇ ಎಂಬ ಪ್ರಶ್ನೆಯು ಈ ಎರಡು ಶಬ್ದಗಳೊಳಗೇ ಅಡಗಿರುವುದು.

ಬಂಟ್ವಾಳದ ಪೂರ್ವವೃತ್ತಾಂತವನ್ನು ಬಲ್ಲವರಿಗೆ ಈ ಪ್ರಶ್ನೆಯು ಹೊಸತಾಗಿ ತೋರದು. ರೈಲುಮೋಟಾರುಗಳಿಲ್ಲದ ಕಾಲದಲ್ಲಿ ಕಾಫಿಯೇ ಮೊದಲಾದ ಸರಕುಗಳು ಘಟ್ಟವಿಳಿದು ಬಂಟ್ವಾಳಕ್ಕೆ ಬಂದು, ಅಲ್ಲಿಂದ ನೇತ್ರಾವತಿಯಲ್ಲಿ ದೋಣಿಗಳ ಮೂಲಕ ಮಂಗಳೂರಿಗೆ ಸಾಗುತ್ತಿದ್ದುವು. ಕಡವಿನಲ್ಲಿ ಎತ್ತಿನ ಬೆನ್ನು ಹಗುರವಾಗುತ್ತಿತ್ತು. ಆದರೆ ಸರಕಿನ ತೂಕವು ಒಂದು ತೊಲೆಯಷ್ಟೂ ಕುಗ್ಗುತ್ತಿರಲಿಲ್ಲ. ಎತ್ತು ಇಳಿಸಿದುದನ್ನು ದೋಣಿಯು ಹೊರುತ್ತಿತ್ತು. ದೋಣಿಯನ್ನು ನದಿಯು ಹೊರುತ್ತಿತ್ತು. ಭಾರವನ್ನು ಇಳಿಸುವುದು ಬೇರೆ. ಅದನ್ನು ಇನ್ನೊಬ್ಬರಿಗೆ ದಾಟಿಸುವುದು ಬೇರೆ. ಈ ಭೇದವನ್ನು ಇಂದಿನ ಯಂತ್ರವಿದ್ಯೆಯ ಒಂದು ಪ್ರಯತ್ನದಲ್ಲಿ ಪರೀಕ್ಷಿಸಿ ನೋಡುವುದು ಉಚಿತವಾಗಿದೆ. ಜಲಜನಕದ ಇಂಧನಕೋಶವನ್ನು ತೆಳುವಾದ ಲೋಹದ ಭಾಗಗಳಿಂದ ಹಗುರವಾಗಿ ಕಟ್ಟುವುದೇ ಆ ಪ್ರಯತ್ನ.

ಇಂಧನಕೋಶದ ತತ್ತ್ವವು ಹೊಸದಲ್ಲ. ವಿಲಿಯಂ ಗ್ರೋವನೆಂಬ ವೇಲ್ಸಿನ ವಿದ್ವಾಂಸನು 1839ರಷ್ಟು ಹಿಂದೆಯೇ ಅದನ್ನು ತೋರಿಸಿಕೊಟ್ಟಿದ್ದನು. ಒಂದು ತೆಳುವಾದ ಪೊರೆಯ ಒಂದು ಬದಿಯಲ್ಲಿ ಜಲಜನಕವನ್ನೂ ಮತ್ತೊಂದು ಬದಿಯಲ್ಲಿ ಗಾಳಿಯ ಆಮ್ಲಜನಕವನ್ನೂ ಹರಿಯಿಸಿದರೆ, ಅವೆರಡೂ ಉರಿಯಿಲ್ಲದೆ, ಹೊಗೆಯಿಲ್ಲದೆ ಕೂಡಿ ನೀರಾಗುವುವು. ಆ ಕೂಡುವಿಕೆಯಲ್ಲಿ ವಿದ್ಯುತ್ತು ಹುಟ್ಟುವುದು. 1965ರಿಂದೀಚೆಗೆ ಅಮೆರಿಕದ ವ್ಯೋಮಯಾನಗಳಲ್ಲಿ ಇವು ಬಳಕೆಗೆ ಬಂದುವು. ಚಂದ್ರನತ್ತ ಹೋದ ಅಪೋಲೋ ಯಾತ್ರಿಕರು ತಮ್ಮ ಕೋಶಗಳಲ್ಲಿ ಹುಟ್ಟಿದ ನೀರನ್ನೇ ಕುಡಿದರು. ಭಾರತದ ಬಾಹ್ಯಾಕಾಶ ಸಂಸ್ಥೆಯೂ 2024ರ ಜನವರಿ 1ರಂದು ಹಾರಿಸಿದ ರಾಕೆಟಿನ ಕೊನೆಯ ಹಂತದಲ್ಲಿ ಇಂತಹ ಕೋಶವನ್ನಿರಿಸಿ ಪರೀಕ್ಷಿಸಿತು. ಅದು 350 ಕಿಲೋಮೀಟರ್ ಎತ್ತರದಲ್ಲಿ 180 ವ್ಯಾಟ್ ವಿದ್ಯುತ್ತನ್ನು ಕೊಟ್ಟಿತು.

ಒಂದು ಕೋಶದಿಂದ ಬಳಕೆಯಲ್ಲಿ ದೊರೆಯುವುದು ಒಂದು ವೋಲ್ಟಿಗಿಂತಲೂ ಕಡಿಮೆ. ಆದಕಾರಣ ನೂರಾರು ಕೋಶಗಳನ್ನು ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಬೇಕಾಗುವುದು. ಜಪಾನಿನಲ್ಲಿ 2014ರಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಮಿರಾಯ್ ಎಂಬ ಕಾರಿನಲ್ಲಿ 370 ಕೋಶಗಳಿದ್ದುವು. ಕೋಶಕೋಶಗಳ ನಡುವೆ ವಾಯುಗಳಿಗೆ ದಾರಿಯನ್ನೂ ವಿದ್ಯುತ್ತಿಗೆ ಸೇತುವೆಯನ್ನೂ ಒದಗಿಸುವ ಫಲಕಗಳುಂಟು. ಇಡಿಯ ಯಂತ್ರದ ತೂಕದಲ್ಲಿ ಹೆಚ್ಚಿನ ಪಾಲು ಇವುಗಳದೇ. ಹಿಂದೆ ಇವನ್ನು ಗ್ರಾಫೈಟಿನಿಂದ ಮಾಡುತ್ತಿದ್ದರು. ಈಗ ಉಕ್ಕು, ಟೈಟಾನಿಯಂ, ಅಲ್ಯುಮಿನಿಯಂಗಳ ತೆಳುತಗಡುಗಳಿಂದ ಮಾಡಲು ಹವಣಿಸುತ್ತಿರುವರು.

ಇಲ್ಲಿ ವಾಚಕರ ಗಮನಕ್ಕೆ ಅರ್ಹವಾದ ಒಂದು ಸಂಗತಿಯುಂಟು. ಗಾತ್ರಕ್ಕೆ ಗಾತ್ರವನ್ನಿಟ್ಟು ತೂಗಿದರೆ ಗ್ರಾಫೈಟೇ ಹಗುರವು. ಅದು ನೀರಿನ ಸುಮಾರು ಎರಡರಷ್ಟು ತೂಗಿದರೆ ಅಲ್ಯುಮಿನಿಯಂ 2.7ರಷ್ಟು, ಟೈಟಾನಿಯಂ 4.5ರಷ್ಟು, ಉಕ್ಕು ಸುಮಾರು ಎಂಟರಷ್ಟು ತೂಗುವುದು. ಹಾಗಿದ್ದೂ ಲೋಹದ ಫಲಕವು ಹಗುರವಾಗುವುದೆಂತು? ಗ್ರಾಫೈಟು ಭಿದುರವಾದ ವಸ್ತು. ಒಡೆಯದಿರಬೇಕಾದರೆ ಅದು ದಪ್ಪವಾಗಿಯೇ ಇರಬೇಕು. ಲೋಹವೋ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ತೆಳುವಾದರೂ ಮುರಿಯದೆ ನಿಲ್ಲಬಲ್ಲುದು. ಹಗುರತನವು ಬಂದುದು ವಸ್ತುವಿನ ಲಘುತ್ವದಿಂದಲ್ಲ, ಅದರ ಬಲದಿಂದ. ದುರ್ಬಲವಾದುದಕ್ಕೆ ದಪ್ಪದ ಆಸರೆ ಬೇಕು. ಬಲವುಳ್ಳದ್ದಕ್ಕೆ ಸ್ವಲ್ಪವೇ ಸಾಕು. ಮನುಷ್ಯರ ಬಾಳಿನಲ್ಲಿಯೂ ಈ ಮಾತು ಸುಳ್ಳಲ್ಲ.

ಆದರೆ ಲೋಹಕ್ಕೆ ತನ್ನದೇ ಆದ ದೋಷವೊಂದುಂಟು. ಕೋಶದ ಒಳಗೆ ತೇವ, ಹುಳಿ, ಸುಮಾರು 80 ಡಿಗ್ರಿಯ ಬಿಸಿ, ಈ ಮೂರೂ ಸೇರಿರುವುವು. ಅದರಲ್ಲಿ ಅಲ್ಯುಮಿನಿಯಂ ಕರಗತೊಡಗುವುದು. ಕರಗಿದ ಲೋಹದ ಕಣಗಳು ಪೊರೆಯನ್ನು ಸೇರಿ ಅದನ್ನು ಕೆಡಿಸುವುವು. ತಾಮ್ರದ ಪಾತ್ರೆಯ ಕಲಾಯಿ ಹೋದ ಮೇಲೆ ಅದರಲ್ಲಿ ಹುಳಿ ಕಾಯಿಸಬಾರದೆಂಬುದನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಲೋಹದ ಫಲಕಕ್ಕೂ ಚಿನ್ನ, ಇಂಗಾಲ ಮೊದಲಾದವುಗಳ ಲೇಪವನ್ನು ಕೊಡುವರು. ಆ ಲೇಪದಲ್ಲಿ ಸೂಜಿಯ ಮೊನೆಯಷ್ಟು ರಂಧ್ರವಿದ್ದರೂ ಅಲ್ಲಿಂದಲೇ ಕೇಡು ಮೊದಲಾಗುವುದು. ತೂಕವು ತಗ್ಗಿದಂತೆಲ್ಲ ಎಚ್ಚರವು ಹೆಚ್ಚಬೇಕಾಯಿತು. ದಪ್ಪನೆಯ ಫಲಕವು ಹೊರುತ್ತಿದ್ದುದನ್ನು ಈಗ ಅದನ್ನು ಮಾಡುವವನ ಶ್ರದ್ಧೆಯು ಹೊರಬೇಕಾಗಿದೆ. ಇದು ಭಾರದ ಮೊದಲನೆಯ ದಾಟುವಿಕೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಅರಿತು ಹೊತ್ತುಕೊಂಡ ಭಾರವದು.

ಎರಡನೆಯ ದಾಟುವಿಕೆಯು ಹಾಗಲ್ಲ. ಒಂದು ಕಿಲೋಗ್ರಾಂ ಅಲ್ಯುಮಿನಿಯಮನ್ನು ಅದಿರಿನಿಂದ ಬೇರ್ಪಡಿಸಲು ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಅದಿರನ್ನು ಶೋಧಿಸುವಲ್ಲಿ ಉಳಿಯುವ ಕೆಂಪು ಕೆಸರು ಎಲ್ಲಿಯೋ ಒಂದು ಊರಿನ ಪಕ್ಕದಲ್ಲಿ ರಾಶಿಯಾಗಿ ಬೀಳುವುದು. ಕಾರಿನಲ್ಲಿ ಉಳಿದ ತೂಕವನ್ನು ಆ ಊರು ಹೊತ್ತಿರುವುದು. ಜಲಜನಕದ ಕಥೆಯೂ ಅದೇ. ನೀರನ್ನು ಒಡೆದು ಒಂದು ಕಿಲೋಗ್ರಾಂ ಜಲಜನಕವನ್ನು ಪಡೆಯಲು ಲೆಕ್ಕದ ಮೇರೆಗೆ ಒಂಬತ್ತು ಲೀಟರ್ ನೀರು ಬೇಕು. ಬಳಕೆಯಲ್ಲಿ ಇನ್ನೂ ಹೆಚ್ಚು. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಯ ಗುರಿಯು 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ನು. ಅದಕ್ಕೆ ಕಡಿಮೆಯೆಂದರೂ ನಾಲ್ಕೂವರೆ ಕೋಟಿ ಟನ್ನು ನೀರು ಬೇಕಾಗುವುದು. ಇಡಿಯ ದೇಶದ ಲೆಕ್ಕದಲ್ಲಿ ಇದು ದೊಡ್ಡದಲ್ಲವೆಂದು ಹೇಳುವರು. ಆ ಮಾತು ನಿಜವೇ. ಆದರೆ ನೀರನ್ನು ಎತ್ತುವುದು ‘ದೇಶ’ದಿಂದಲ್ಲ, ಯಾವುದಾದರೊಂದು ನದಿಯಿಂದ. ಬಂಟ್ವಾಳ ತಾಲೂಕಿನ ತುಂಬೆಯ ಕಟ್ಟೆಯಲ್ಲಿ ನಿಲ್ಲುವ ನೇತ್ರಾವತಿಯ ನೀರು ಮಂಗಳೂರಿನ ಬಾಯಾರಿಕೆಯನ್ನು ತಣಿಸುವುದು. ಆ ನದಿಯನ್ನು ಸೇರುವ ಎತ್ತಿನಹೊಳೆಯ ನೀರನ್ನು ಪೂರ್ವದ ಜಿಲ್ಲೆಗಳಿಗೆ ತಿರುಗಿಸುವ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಬೇಸಿಗೆಯಲ್ಲಿ ಮರಳು ತೋರುವ ನದಿಯನ್ನು ಕಂಡವರಿಗೆ ಪ್ರತಿಯೊಂದು ಹೊಸ ಬಾಯಿಯೂ ಲೆಕ್ಕಕ್ಕೆ ಬರುವುದು. ಕೋಶವು ಅಷ್ಟೇ ನೀರನ್ನು ಮರಳಿ ಕೊಡುವುದಲ್ಲವೇ ಎಂದರೆ, ಕೊಡುವುದು ಹೌದು. ಆದರೆ ಎಲ್ಲಿಯೋ ದೂರದ ಹೆದ್ದಾರಿಯ ಮೇಲೆ, ಹಬೆಯಾಗಿ. ಸಾಲವನ್ನು ಒಬ್ಬನಿಂದ ಪಡೆದು ಇನ್ನೊಬ್ಬನಿಗೆ ತೀರಿಸಿದಂತೆ.

ಹಾಗಾದರೆ ಈ ಉದ್ಯಮವನ್ನೇ ಬಿಡಬೇಕೇ? ಹಗುರತನಕ್ಕೆ ಬೇರೊಂದು ದಾರಿಯುಂಟೆಂದು ಈ ನಾಡು ಹಿಂದಿನಿಂದಲೂ ಬಲ್ಲುದು. ಮೂಡಬಿದಿರೆಯ ಬಸದಿಗಳು ಸಾರುವ ಅಪರಿಗ್ರಹವು ಹೊರೆಯನ್ನು ಜಾಣತನದಿಂದ ಕುಗ್ಗಿಸುವುದಲ್ಲ, ಹೊರೆಯ ಆಸೆಯನ್ನೇ ಬಿಡುವುದು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ನಿಂತ 35 ಅಡಿಯ ಬಾಹುಬಲಿಯು ಗೆದ್ದ ರಾಜ್ಯವನ್ನೇ ಬಿಟ್ಟವನು. ಆದರೆ ಆ ತಾಲೂಕಿನ ಕಾಡಂಚಿನ ಮನೆಯಿಂದ ನಡುರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದವನಿಗೆ ತ್ಯಾಗದ ಉಪದೇಶವು ಸಾಲದು. ಅವನಿಗೆ ವಾಹನವೇ ಬೇಕು, ಅದು ಹೊಗೆಯುಗುಳದಿದ್ದರೆ ಇನ್ನೂ ಒಳ್ಳೆಯದು. ತ್ಯಾಗವನ್ನು ತನಗೆ ತಾನೇ ವಿಧಿಸಿಕೊಳ್ಳಬಹುದಲ್ಲದೆ ಪರರ ಅವಶ್ಯಕತೆಯ ಮೇಲೆ ಹೊರಿಸಲಾಗದು.

ಅಪರಿಗ್ರಹದಿಂದ ಯಂತ್ರವಿದ್ಯೆಯು ಕಲಿಯಬೇಕಾದುದು ಬೇರೊಂದಿದೆ. ಇಂಗ್ಲೆಂಡಿನ ಜೆವನ್ಸನು 1865ರಲ್ಲಿಯೇ, ಕಲ್ಲಿದ್ದಲನ್ನು ಮಿತವಾಗಿ ಸುಡುವ ಯಂತ್ರಗಳು ಬಂದಷ್ಟೂ ಕಲ್ಲಿದ್ದಲಿನ ವೆಚ್ಚವು ಏರುವುದೆಂದು ತೋರಿಸಿದ್ದನು. ಉಳಿಸಿದ ತೂಕವನ್ನು ಇನ್ನೂ ದೊಡ್ಡ ವಾಹನಕ್ಕೆ, ಇನ್ನೂ ಬೇಡದ ಪ್ರಯಾಣಕ್ಕೆ ಸುರಿದರೆ ಹಗುರವಾದುದು ಏನು? ಫಲಕವು ತೆಳುವಾಯಿತು, ಆಸೆಯು ದಪ್ಪವಾಯಿತು.

ಆದಕಾರಣ ಹಗುರತನವನ್ನು ಅಳೆಯಲು ತಕ್ಕಡಿಯೊಂದೇ ಸಾಲದು. ಇಳಿಸಿದ ಭಾರವು ಯಾರ ಹೆಗಲಿಗೆ ಹೋಯಿತು, ಅವರನ್ನು ಕೇಳಿ ಹೋಯಿತೇ ಎಂಬ ವಿಚಾರಣೆಯೂ ಬೇಕು. ಈ ವಿಚಾರಣೆಗೆ ಉತ್ತರಗಳಿಲ್ಲದೆ ಇಲ್ಲ. ಬಳಸಿದ ಅಲ್ಯುಮಿನಿಯಮನ್ನು ಮತ್ತೆ ಕರಗಿಸಲು, ಅದಿರಿನಿಂದ ಪಡೆಯುವ ವೆಚ್ಚದ ಇಪ್ಪತ್ತನೆಯ ಒಂದು ಪಾಲು ವಿದ್ಯುತ್ತಿನಷ್ಟು ಶಕ್ತಿ ಸಾಕು; ಆದುದರಿಂದ ಫಲಕವನ್ನು ಕಟ್ಟುವಾಗಲೇ ಅದನ್ನು ಕಳಚುವ ಬಗೆಯನ್ನೂ ಯೋಚಿಸಬೇಕು. ಕುಡಿಯುವ ನೀರಿಗೆ ಬದಲಾಗಿ ಪಟ್ಟಣಗಳ ಕೊಳೆನೀರನ್ನು ಶೋಧಿಸಿ ಜಲಜನಕಕ್ಕೆ ಒದಗಿಸಬಹುದು. ಇವು ವೆಚ್ಚವನ್ನು ಹೆಚ್ಚಿಸುವುವು, ನಿಜ. ಆ ಹೆಚ್ಚಳವೇ ಇದುವರೆಗೆ ಮತ್ತೊಬ್ಬರು ಸಲ್ಲಿಸುತ್ತಿದ್ದ ಬೆಲೆ. ಉಜಿರೆಯಲ್ಲಿಯೂ ಮೂಡಬಿದಿರೆಯ ಬಳಿಯ ಮಿಜಾರಿನಲ್ಲಿಯೂ ಇಂದು ಇಂಜಿನಿಯರಿಂಗ್ ಕಾಲೇಜುಗಳುಂಟು. ಎಷ್ಟು ಗ್ರಾಂ ಕಡಿಮೆಯಾಯಿತೆಂದು ಲೆಕ್ಕಹಾಕಲು ಅಲ್ಲಿನ ತರುಣರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಗ್ರಾಮುಗಳು ಎಲ್ಲಿಗೆ ಹೋದುವೆಂಬ ಎರಡನೆಯ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆಯುವುದು ಕರ್ತವ್ಯವೆಂದು ಅವರಿಗೆ ತೋರಿದರೆ, ಹಗುರವೆಂಬ ಮಾತು ಗೌರವಕ್ಕೆ ಪಾತ್ರವಾಗುವುದು.